ಗಗನದ ರೇಡಿಯೋ ಮೂಲಗಳೂ ಅವುಗಳ ಪಟ್ಟಿಗಳೂ

 

ಶ್ರೀಮಠದ ಈ ಮಹೋತ್ಸವದಲ್ಲಿ ಧರ್ಮ, ಸಾಹಿತ್ಯ, ಇತಿಹಾಸಗಳನ್ನು ಕುರಿತ ಉಪನ್ಯಾಸಗಳ ನಡುವೆ ಪ್ರಕೃತಿವಿಜ್ಞಾನಕ್ಕೂ ಒಂದು ಸ್ಥಾನವನ್ನು ಕಲ್ಪಿಸಿರುವುದು ಬಹಳ ಸಂತೋಷದ ಸಂಗತಿಯಾಗಿದೆ. ಪ್ರಸಾದನಿಲಯದಲ್ಲಿ ಅನ್ನವನ್ನೂ ಅಕ್ಷರವನ್ನೂ ಪಡೆಯುತ್ತಿರುವ ಬಾಲಕರೇ ಈ ಸಭೆಯಲ್ಲಿ ಬಹುಸಂಖ್ಯೆಯಲ್ಲಿರುವುದರಿಂದ, ಪರಿಭಾಷೆಯ ಭಾರವನ್ನು ಆದಷ್ಟು ಕಡಿಮೆಮಾಡಿ, ಆಕಾಶದ ರೇಡಿಯೋ ಮೂಲಗಳನ್ನು ಮನುಷ್ಯನು ಹೇಗೆ ಗುರುತಿಸಿದನು, ಹೇಗೆ ಎಣಿಸಿದನು, ಎಣಿಸುವಾಗ ಹೇಗೆ ಎಡವಿದನು, ಎಡವಿದ ಮೇಲೆ ಹೇಗೆ ತಿದ್ದಿಕೊಂಡನು ಎಂಬ ವೃತ್ತಾಂತವನ್ನು ನಿವೇದಿಸುತ್ತೇನೆ.

ನಮ್ಮ ಕಣ್ಣು ಕಾಣುವ ಬೆಳಕು ವಿದ್ಯುತ್ಕಾಂತ ಅಲೆಗಳ ಒಂದು ಅತ್ಯಲ್ಪ ಭಾಗ ಮಾತ್ರ. ಅದೇ ಜಾತಿಯ, ಆದರೆ ಬಹು ಉದ್ದವಾದ ಅಲೆಗಳಿಗೆ ರೇಡಿಯೋ ಅಲೆಗಳೆಂದು ಹೆಸರು. ಇವುಗಳಲ್ಲಿ ಒಂದು ಅಂಗುಲಕ್ಕೂ ಕಡಿಮೆಯಾದವು ಮೊದಲ್ಗೊಂಡು ಹತ್ತು ಹನ್ನೆರಡು ಮೀಟರು ಉದ್ದದವುಗಳವರೆಗೆ ನಮ್ಮ ವಾಯುಮಂಡಲವು ತಡೆಯಿಲ್ಲದೆ ಒಳಗೆ ಬಿಡುತ್ತದೆ. ಹೀಗಿರುವಲ್ಲಿ, ಆಕಾಶವನ್ನು ನೋಡುವುದಕ್ಕೆ ನಮಗೆ ಎರಡು ಕಿಟಕಿಗಳುಂಟು; ಒಂದು ಬೆಳಕಿನದು, ಇನ್ನೊಂದು ರೇಡಿಯೋ ಅಲೆಗಳದು. ಮೊದಲನೆಯದು ಮಾನವಕುಲದಷ್ಟೇ ಹಳೆಯದು. ಎರಡನೆಯದು ತೆರೆದು ಇನ್ನೂ ನೂರು ವರ್ಷಗಳು ತುಂಬಿಲ್ಲ.

ಆ ಕಿಟಕಿಯನ್ನು ತೆರೆದವನು ಖಗೋಳಶಾಸ್ತ್ರಜ್ಞನೇ ಅಲ್ಲವೆಂಬುದು ವಿನೋದದ ಮಾತು. ಅಮೆರಿಕಾದ ಬೆಲ್ ಟೆಲಿಫೋನ್ ಪ್ರಯೋಗಶಾಲೆಯಲ್ಲಿದ್ದ ಕಾರ್ಲ್ ಜಾನ್ಸ್ಕಿ ಎಂಬ ತರುಣ ಎಂಜಿನಿಯರನಿಗೆ, ಸಾಗರದಾಚೆಯ ದೂರವಾಣಿಗೆ ಅಡ್ಡಿಪಡಿಸುವ ಗೊರಗೊರ ಶಬ್ದದ ಕಾರಣವನ್ನು ಕಂಡುಹಿಡಿಯಬೇಕೆಂದು ಅಪ್ಪಣೆಯಾಗಿತ್ತು. ಅವನು ನ್ಯೂಜರ್ಸಿಯ ಹೋಮ್‌ಡೆಲ್ ಎಂಬಲ್ಲಿ ಮೋಟಾರುಗಾಡಿಯ ಚಕ್ರಗಳ ಮೇಲೆ ತಿರುಗುವ ಒಂದು ದೊಡ್ಡ ಗ್ರಾಹಕವನ್ನು ನಿಲ್ಲಿಸಿದನು. ಸಮೀಪದ ಸಿಡಿಲಿನ ಶಬ್ದ ಕೇಳಿಸಿತು. ದೂರದ ಸಿಡಿಲಿನ ಶಬ್ದವೂ ಕೇಳಿಸಿತು. ಇವೆರಡೂ ಅಲ್ಲದ ಮೂರನೆಯದೊಂದು ಸಣ್ಣ ಸುಯ್‌ಗುಟ್ಟುವಿಕೆಯೂ ಎಡೆಬಿಡದೆ ಕೇಳಿಸುತ್ತಿತ್ತು. ಅದು ಅತ್ಯಧಿಕವಾಗುವ ಹೊತ್ತು ದಿನದಿಂದ ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತಿತ್ತು. ಇಪ್ಪತ್ತನಾಲ್ಕು ಗಂಟೆ ಸೂರ್ಯನ ಲೆಕ್ಕ; ೨೩ ಗಂಟೆ ೫೬ ನಿಮಿಷ ನಕ್ಷತ್ರಗಳ ಲೆಕ್ಕ. ಆದಕಾರಣ ಆ ಧ್ವನಿಯ ಮೂಲವು ಭೂಮಿಯಲ್ಲಿಯೂ ಇಲ್ಲ, ಸೂರ್ಯನಲ್ಲಿಯೂ ಇಲ್ಲ, ಧನುರಾಶಿಯ ದಿಕ್ಕಿನಲ್ಲಿ, ನಮ್ಮ ಆಕಾಶಗಂಗೆಯ ನಡುಭಾಗದಲ್ಲಿದೆಯೆಂದು ಅವನು ೧೯೩೩ನೆಯ ಇಸವಿಯಲ್ಲಿ ಪ್ರಕಟಿಸಿದನು. ನಾಲ್ಕು ನಿಮಿಷಗಳನ್ನು ಅಲಕ್ಷಿಸದೆ ಬರೆದಿಟ್ಟುದರ ಫಲವಿದು. ಇಂದು ರೇಡಿಯೋ ಮೂಲಗಳ ಪ್ರಬಲತೆಯನ್ನು ಅಳೆಯುವ ಮಾನಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ.

ವಿದ್ವಾಂಸರು ಆಗ ಇದಕ್ಕೆ ಹೆಚ್ಚಾಗಿ ಕಿವಿಗೊಡಲಿಲ್ಲ. ಗ್ರೋಟ್ ರೀಬರ್ ಎಂಬೊಬ್ಬನು ೧೯೩೭ರಲ್ಲಿ ಇಲಿನಾಯ್ ಪ್ರಾಂತದ ವೀಟನ್ ಊರಿನ ತನ್ನ ಮನೆಯ ಹಿತ್ತಿಲಲ್ಲಿ, ಸ್ವಂತ ಹಣದಿಂದ, ಸುಮಾರು ೩೧ ಅಡಿ ಅಗಲದ ಬಟ್ಟಲಾಕಾರದ ದೂರದರ್ಶಕವನ್ನು ಕಟ್ಟಿದನು. ಅನೇಕ ವರ್ಷಗಳ ಪರಿಶ್ರಮದ ಮೇಲೆ ೧೯೪೪ರಲ್ಲಿ ಅವನು ಪ್ರಕಟಿಸಿದ ನಕ್ಷೆಯಲ್ಲಿ ಧನುರಾಶಿಯಲ್ಲದೆ ಹಂಸ ಮತ್ತು ಕಾಶ್ಯಪೀಯ ನಕ್ಷತ್ರಪುಂಜಗಳ ಕಡೆಯಲ್ಲಿಯೂ ರೇಡಿಯೋ ಕಾಂತಿ ಹೆಚ್ಚಾಗಿರುವುದು ಕಂಡುಬಂದಿತು. ಎರಡನೆಯ ಮಹಾಯುದ್ಧವು ಮುಗಿದೊಡನೆ ರಾಡಾರ್ ವಿದ್ಯೆಯಲ್ಲಿ ಪಳಗಿದ ಅನೇಕರು ಇತ್ತ ತಿರುಗಿದರು. ಆಸ್ಟ್ರೇಲಿಯಾದ ಬೋಲ್ಟನ್, ಸ್ಟಾನ್ಲಿ, ಸ್ಲೀ ಎಂಬ ಮೂವರು ೧೯೪೯ರಲ್ಲಿ ಮೂರು ರೇಡಿಯೋ ಮೂಲಗಳಿಗೆ ಕಣ್ಣಿಗೆ ಕಾಣುವ ವಸ್ತುಗಳನ್ನು ಹೊಂದಿಸಿ ತೋರಿಸಿದರು. ಅವುಗಳಲ್ಲೊಂದು ವೃಷಭರಾಶಿಯ ಏಡಿ ನೀಹಾರಿಕೆ. ೧೦೫೪ರಲ್ಲಿ, ಎಂದರೆ ಬಸವಾದಿ ಶರಣರ ಕಾಲಕ್ಕಿಂತ ಸುಮಾರು ಒಂದು ಶತಮಾನ ಮುಂಚೆ, ಚೀನಾ ದೇಶದವರು ಹಗಲಿನಲ್ಲಿಯೂ ಕಂಡು ಬರೆದಿಟ್ಟ ಸಿಡಿದ ನಕ್ಷತ್ರವೊಂದರ ಅವಶೇಷ ಅದು.

ಈ ಅಲೆಗಳು ಹುಟ್ಟುವ ಬಗೆಯನ್ನೂ ಸ್ವಲ್ಪ ಹೇಳಬೇಕು. ಬಹುಮಟ್ಟಿನ ಮೂಲಗಳಲ್ಲಿ, ಬೆಳಕಿನ ವೇಗವನ್ನು ಸಮೀಪಿಸಿ ಓಡುತ್ತಿರುವ ಇಲೆಕ್ಟ್ರಾನುಗಳು ಕಾಂತಕ್ಷೇತ್ರದ ಸುತ್ತ ಸುರುಳಿಯಾಗಿ ಸುತ್ತುವಾಗ ಈ ಕಿರಣವನ್ನು ಹೊರಸೂಸುತ್ತವೆ. ಅದು ಕಾವಿನಿಂದ ಹುಟ್ಟುವ ಬೆಳಕಿನಂತಲ್ಲ. ಆದುದರಿಂದಲೇ ಕಣ್ಣಿಗೆ ದೇದೀಪ್ಯಮಾನವಾದ ನಕ್ಷತ್ರಗಳು ರೇಡಿಯೋ ಆಕಾಶದಲ್ಲಿ ಬಹುಮಟ್ಟಿಗೆ ಕಾಣಿಸುವುದೇ ಇಲ್ಲ. ಕಣ್ಣಿಗೆ ಶೂನ್ಯವೆಂದು ತೋರುವ ಎಡೆಯಲ್ಲಿ ಮಹಾಪ್ರಬಲವಾದ ಮೂಲವಿರುತ್ತದೆ. ಹಂಸಪುಂಜದ ಪ್ರಸಿದ್ಧ ಮೂಲವು ಸುಮಾರು ೭೫ ಕೋಟಿ ಜ್ಯೋತಿರ್ವರ್ಷಗಳ ದೂರದ ಒಂದು ಮಸುಕು ನಕ್ಷತ್ರಲೋಕ. ಆದರೂ ನಮ್ಮ ರೇಡಿಯೋ ಆಕಾಶದಲ್ಲಿ ಅದು ಅಗ್ರಗಣ್ಯವಾದುವುಗಳಲ್ಲಿ ಒಂದು.

ಇನ್ನು ಪಟ್ಟಿಗಳ ವಿಷಯಕ್ಕೆ ಬರೋಣ. ಮೂಲಗಳ ಸ್ಥಾನ, ಪ್ರಬಲತೆಗಳನ್ನು ಕ್ರಮವಾಗಿ ಬರೆದಿಡದಿದ್ದರೆ ಶಾಸ್ತ್ರವು ಬೆಳೆಯಲಾರದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಾರ್ಟಿನ್ ರೈಲ್ ಮತ್ತು ಅವರ ಸಂಗಡಿಗರು ಈ ಕಾರ್ಯವನ್ನು ಕೈಕೊಂಡರು. ೧೯೫೦ರ ಮೊದಲ ಪಟ್ಟಿಯಲ್ಲಿ ಇದ್ದುವು ೫೦ ಮೂಲಗಳು. ೧೯೫೫ರ ಎರಡನೆಯ ಪಟ್ಟಿಯಲ್ಲಿ ೧,೯೩೬ ಮೂಲಗಳು. ಈ ಎರಡನೆಯ ಪಟ್ಟಿಯಿಂದಲೇ ಒಂದು ದೊಡ್ಡ ವಿವಾದವು ಹುಟ್ಟಿತು. ಅದು ವಿಶ್ವದ ಸ್ವರೂಪವನ್ನೇ ಕುರಿತ ವಿವಾದವಾಗಿದ್ದಿತು.

ಆ ಕಾಲದಲ್ಲಿ ವಿಶ್ವವನ್ನು ಕುರಿತು ಎರಡು ಪಕ್ಷಗಳಿದ್ದುವು. ವಿಶ್ವಕ್ಕೆ ಒಂದು ಆರಂಭದ ದೆಸೆಯಿತ್ತು, ಅಂದಿನಿಂದ ಅದು ಮಾರ್ಪಡುತ್ತ ಬಂದಿದೆ ಎಂಬುದು ಒಂದು. ಬಾಂಡಿ, ಗೋಲ್ಡ್, ಹಾಯ್ಲ್ ಎಂಬವರು ೧೯೪೮ರಲ್ಲಿ ಮಂಡಿಸಿದ ಇನ್ನೊಂದು ಪಕ್ಷದಂತೆ ವಿಶ್ವವು ಎಂದೆಂದೂ ಒಂದೇ ತೆರನಾಗಿದೆ. ಅದು ಹಿಗ್ಗಿದಂತೆಲ್ಲ ಹೊಸ ದ್ರವ್ಯವು ಹುಟ್ಟಿ ತೆರಪನ್ನು ತುಂಬುತ್ತದೆ. ಎಣಿಕೆಯಿಂದ ಇವೆರಡರ ಪರೀಕ್ಷೆಯಾಗಬಹುದಾಗಿತ್ತು. ಮೂಲಗಳು ಎಲ್ಲೆಡೆಯಲ್ಲಿಯೂ ಸಮವಾಗಿ ಹರಡಿದ್ದರೆ, ನಾವು ಎಣಿಸುವ ಪ್ರಬಲತೆಯ ಮೇರೆಯನ್ನು ಕಾಲುಭಾಗಕ್ಕೆ ಇಳಿಸಿದಾಗ ನಮ್ಮ ನೋಟ ಎರಡು ಪಟ್ಟು ದೂರಕ್ಕೆ ಹೋಗುತ್ತದೆ. ಆ ದೂರದೊಳಗಿನ ಅವಕಾಶವು ಎಂಟು ಪಟ್ಟಾಗುತ್ತದೆ. ಆದುದರಿಂದ ಮೂಲಗಳ ಸಂಖ್ಯೆಯೂ ಎಂಟು ಪಟ್ಟಾಗಬೇಕು. ಕೇಂಬ್ರಿಜ್‌ನ ಎರಡನೆಯ ಪಟ್ಟಿಯಲ್ಲಿ ಸಂಖ್ಯೆಯು ಇದಕ್ಕಿಂತ ಎಷ್ಟೋ ವೇಗವಾಗಿ ಏರಿತು. ದೂರವೆಂದರೆ ಗತಕಾಲವಷ್ಟೆ, ಗತಕಾಲದಲ್ಲಿ ಮೂಲಗಳು ದಟ್ಟವಾಗಿದ್ದುವು, ಆದಕಾರಣ ಸ್ಥಿರವಿಶ್ವವಾದವು ನಿಲ್ಲಲಾರದು ಎಂದು ರೈಲ್ ಅವರು ೧೯೫೫ರಲ್ಲಿಯೇ ಸಾರಿದರು.

ಆದರೆ ಸಿಡ್ನಿಯ ಸಮೀಪದಲ್ಲಿ ಬರ್ನಾರ್ಡ್ ಮಿಲ್ಸ್ ಮತ್ತು ಬ್ರೂಸ್ ಸ್ಲೀ ಎಂಬವರು ಶಿಲುಬೆಯಾಕಾರದ ಬೇರೊಂದು ಬಗೆಯ ದೂರದರ್ಶಕದಿಂದ ಆಕಾಶದ ಅದೇ ಭಾಗವನ್ನು ಅಳೆಯುತ್ತಿದ್ದರು. ೧೯೫೭ರಲ್ಲಿ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಾಗಿ, ಕೆಲವು ಪ್ರಬಲ ಮೂಲಗಳನ್ನು ಬಿಟ್ಟರೆ ಒಂದಕ್ಕೊಂದು ತಾಳೆಯೇ ಇರಲಿಲ್ಲ! ಒಂದೇ ಆಕಾಶ, ಎರಡು ಪಟ್ಟಿ. ಒಂದಾದರೂ ತಪ್ಪಾಗಿರಲೇಬೇಕು.

ತಪ್ಪು ಬಹುಮಟ್ಟಿಗೆ ಕೇಂಬ್ರಿಜ್ ಪಟ್ಟಿಯಲ್ಲಿದ್ದಿತು. ಅದರ ಕಾರಣವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಜಾತ್ರೆಯ ರಾತ್ರಿ ದೂರದ ಗುಡ್ಡದ ಮೇಲೆ ನಿಂತು ಬಯಲಿನ ದೀಪಗಳನ್ನು ಎಣಿಸಲು ಹೊರಟವನ ದೃಷ್ಟಿ ಮಂಜಾಗಿದ್ದರೆ, ಒತ್ತಿಗೊತ್ತಾಗಿರುವ ನಾಲ್ಕಾರು ಹಣತೆಗಳು ಕೂಡಿ ಅವನಿಗೆ ಒಂದು ಪಂಜಿನಂತೆ ಕಾಣುವುವು. ಅವನು ಇಲ್ಲದ ಪಂಜನ್ನು ಲೆಕ್ಕಕ್ಕೆ ಹಿಡಿಯುವನು. ಇರುವ ಹಣತೆಗಳನ್ನು ಬಿಡುವನು. ಕೇಂಬ್ರಿಜ್‌ನ ಉಪಕರಣದ ನೋಟವು ಅಷ್ಟೊಂದು ಮೂಲಗಳನ್ನು ಬೇರ್ಪಡಿಸುವಷ್ಟು ಸೂಕ್ಷ್ಮವಾಗಿರಲಿಲ್ಲ. ಪಟ್ಟಿಯ ಹೆಚ್ಚಿನ ನಮೂದುಗಳು ಇಂತಹ ಹುಸಿಪಂಜುಗಳೇ ಆಗಿದ್ದುವು.

ಇಂತಹ ಸಂಕಟದಲ್ಲಿ ಎರಡು ದಾರಿಗಳುಂಟು: ವಾದವನ್ನು ಬೆಳೆಸುವುದೊಂದು, ಅಳತೆಯನ್ನು ಶುದ್ಧಿಮಾಡುವುದೊಂದು. ಕಟುವಾದ ವಾದವೂ ನಡೆಯಿತು. ಆದರೆ ಕೊನೆಗೆ ಫಲ ಕೊಟ್ಟುದು ಎರಡನೆಯದೇ. ಕೇಂಬ್ರಿಜ್‌ನವರೇ ಆದ ಪೀಟರ್ ಶೋಯರ್ ಅವರು, ಒಂದೊಂದು ಮೂಲವನ್ನು ಬೇರೆಯಾಗಿ ಗುರುತಿಸದೆ, ದಾಖಲೆಯ ಒಟ್ಟು ಏರಿಳಿತದಿಂದಲೇ ಸಂಖ್ಯೆಯ ಗತಿಯನ್ನು ತಿಳಿಯುವ ಗಣಿತಕ್ರಮವನ್ನು ೧೯೫೭ರಲ್ಲಿ ತೋರಿಸಿದರು. ಉಪಕರಣವನ್ನು ಇನ್ನೂ ಚಿಕ್ಕ ಅಲೆಗಳಿಗೆ ಮಾರ್ಪಡಿಸಿ ೧೯೫೯ರಲ್ಲಿ ಮೂರನೆಯ ಪಟ್ಟಿಯನ್ನು ಹೊರಡಿಸಿದರು. ಅದರಲ್ಲಿ ೪೭೧ ಮೂಲಗಳಿದ್ದುವು. ೧೯೬೨ರಲ್ಲಿ ಮತ್ತೆ ಪರಿಷ್ಕರಿಸಿದಾಗ ೩೨೮ ಉಳಿದುವು. ಸಾವಿರದ ಒಂಬೈನೂರು ಮೂಲಗಳಿಂದ ಮುನ್ನೂರಕ್ಕೆ ಇಳಿದುದು ಸೋಲಲ್ಲ. ಹಿಂದಿನ ದೊಡ್ಡ ಪಟ್ಟಿಯನ್ನು ಇಂದು ಯಾರೂ ಬಳಸುವುದಿಲ್ಲ. ಈ ಚಿಕ್ಕ ಪಟ್ಟಿಯ ಅಂಕಗಳನ್ನು ಇಂದಿಗೂ ಲೋಕದ ಖಗೋಳಜ್ಞರು ಹೆಸರಿನಂತೆ ಬಳಸುತ್ತಾರೆ.

ಆ ಚಿಕ್ಕ ಪಟ್ಟಿಯ ೨೭೩ನೆಯ ಅಂಕದ ಕಥೆಯನ್ನು ಕೇಳಿರಿ. ೧೯೬೨ರಲ್ಲಿ ಚಂದ್ರನು ಆ ಮೂಲವನ್ನು ಮರೆಮಾಡಿ ಹಾದುಹೋದನು. ಮರೆಯಾದ ಮತ್ತು ಮರಳಿ ತೋರಿದ ಕ್ಷಣಗಳನ್ನು ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ ಸಿರಿಲ್ ಹಜಾರ್ಡ್ ಮೊದಲಾದವರು ಅಳೆದು ಅದರ ಸ್ಥಾನವನ್ನು ಬಹು ನಿಖರವಾಗಿ ನಿರ್ಣಯಿಸಿದರು. ಆ ಸ್ಥಾನದಲ್ಲಿ ಇದ್ದುದು ಸಾಮಾನ್ಯ ನಕ್ಷತ್ರದಂತೆ ತೋರುವ ಒಂದು ಬಿಂದು. ೧೯೬೩ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾರ್ಟೆನ್ ಸ್ಮಿಟ್ ಅವರು ಅದರ ವರ್ಣಪಟಲವನ್ನು ಪರೀಕ್ಷಿಸಿ, ಅದರ ರೇಖೆಗಳು ಕೆಂಪಿನ ಕಡೆಗೆ ನೂರಕ್ಕೆ ೧೬ರಷ್ಟು ಸರಿದಿರುವುದನ್ನು ಕಂಡರು. ಹಾಗಾದರೆ ಅದು ನಕ್ಷತ್ರವಲ್ಲ. ಸುಮಾರು ೨೦೦ ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕನ್ನು ನಮಗೆ ತಲಪಿಸುತ್ತಿರುವ ಮಹಾತೇಜಸ್ಸು. ಇಂತಹವುಗಳಿಗೆ ಕ್ವೇಸಾರ್ ಎಂದು ಹೆಸರಾಯಿತು. ಅವುಗಳ ಶಕ್ತಿಗೆ ಕೇಂದ್ರದ ಬೃಹತ್ ಕೃಷ್ಣವಿವರವೇ ಆಶ್ರಯವೆಂದು ಇಂದು ತಿಳಿದಿದೆ. ಪಟ್ಟಿಯಲ್ಲಿ ಒಂದು ಶುದ್ಧವಾದ ಸಾಲು ಇಲ್ಲದಿದ್ದರೆ ಈ ಬಾಗಿಲು ತೆರೆಯುತ್ತಿರಲಿಲ್ಲ.

ವಿಶ್ವದ ವಿವಾದವೂ ಕೊನೆಗಂಡಿತು. ಶುದ್ಧಿಗೊಂಡ ಎಣಿಕೆಯಲ್ಲಿ ಎಂಟುಪಟ್ಟಿನ ಬದಲು ಸುಮಾರು ಹನ್ನೆರಡು ಪಟ್ಟಿನ ಏರಿಕೆ ಕಂಡಿತು. ರೈಲ್ ಅವರ ಮೊದಲ ಪಟ್ಟು ಅತಿಯಾಗಿತ್ತು; ಆದರೆ ಅವರ ನಿರ್ಣಯದ ದಿಕ್ಕು ಸರಿಯಾಗಿತ್ತು. ೧೯೬೫ರಲ್ಲಿ, ಜಾನ್ಸ್ಕಿ ದುಡಿದ ಅದೇ ಹೋಮ್‌ಡೆಲ್‌ನಲ್ಲಿ, ಪೆಂಜಿಯಾಸ್ ಮತ್ತು ವಿಲ್ಸನ್ ಎಂಬವರು ಸರ್ವದಿಕ್ಕುಗಳಿಂದಲೂ ಸಮನಾಗಿ ಬರುವ ಮಂದವಾದ ರೇಡಿಯೋ ಕಾಂತಿಯನ್ನು ಪ್ರಕಟಪಡಿಸಿದ ಮೇಲೆ ಸ್ಥಿರವಿಶ್ವವಾದವು ಹಿಂದೆ ಸರಿಯಿತು. ೧೯೭೪ರಲ್ಲಿ ರೈಲ್ ಮತ್ತು ಆಂಟನಿ ಹ್ಯೂಯಿಷ್ ಅವರಿಗೆ ನೊಬೆಲ್ ಬಹುಮಾನ ಬಂದಿತು.

ಈ ಕಾರ್ಯದಲ್ಲಿ ನಮ್ಮ ದೇಶವು ಹಿಂದೆ ಬಿದ್ದಿಲ್ಲವೆಂಬುದನ್ನು ಬಾಲಕರು ತಿಳಿಯಬೇಕು. ಗೋವಿಂದ ಸ್ವರೂಪರ ನೇತೃತ್ವದಲ್ಲಿ ೧೯೭೦ರಲ್ಲಿ ಉದಕಮಂಡಲದ ಸಮೀಪ ೫೩೦ ಮೀಟರು ಉದ್ದ, ೩೦ ಮೀಟರು ಅಗಲದ ದೂರದರ್ಶಕವು ಸಿದ್ಧವಾಯಿತು. ಆ ಸ್ಥಳದ ಅಕ್ಷಾಂಶ ಹನ್ನೊಂದು ಡಿಗ್ರಿಗೆ ಸ್ವಲ್ಪ ಮೇಲೆ. ಅಷ್ಟೇ ಇಳಿಜಾರುಳ್ಳ ಗುಡ್ಡವನ್ನು ಹುಡುಕಿ ಅದರ ಮೇಲೆ ಕಟ್ಟಿದುದರಿಂದ ಉಪಕರಣದ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ, ಒಂದೇ ತಿರುಗಣೆಯಿಂದ ಮೂಲಗಳನ್ನು ಗಂಟೆಗಟ್ಟಲೆ ಹಿಂಬಾಲಿಸುವುದು ಸಾಧ್ಯವಾಯಿತು. ಚಂದ್ರನ ಮರೆಯ ಕ್ರಮದಿಂದಲೇ ಅಲ್ಲಿ ಸಾವಿರಕ್ಕೂ ಮಿಕ್ಕ ಮೂಲಗಳ ರಚನೆಯನ್ನು ಅಳೆದರು. ನಮ್ಮ ಕನ್ನಡನಾಡಿನ ಗೌರೀಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನ ಸಂಸ್ಥೆಯೂ ಕೂಡಿ, ಸಾವಿರ ತಂತಿದಂಡಗಳನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಸುಮಾರು ೮.೭ ಮೀಟರಿನ ದೀರ್ಘ ಅಲೆಗಳನ್ನು ಹಿಡಿಯುವ ದೂರದರ್ಶಕವನ್ನು ರಚಿಸಿದುವು. ಅಲ್ಲಿ ದ್ವಾರಕಾನಾಥ್ ಮತ್ತು ಉದಯಶಂಕರ್ ಅವರು ಸಿದ್ಧಪಡಿಸಿದ ಆಕಾಶದ ನಕ್ಷೆಯು ೧೯೯೦ರಲ್ಲಿ ಪ್ರಕಟವಾಯಿತು. ಪುಣೆಯ ಉತ್ತರಕ್ಕೆ ಖೋಡದ್ ಗ್ರಾಮದ ಸುತ್ತ ೪೫ ಮೀಟರು ಅಗಲದ ೩೦ ಬಟ್ಟಲುಗಳುಳ್ಳ ಮಹಾದೂರದರ್ಶಕದಿಂದ ಶೇಕಡಾ ೯೦ರಷ್ಟು ಆಕಾಶವನ್ನು ಅಳೆದು, ೨೦೧೭ರಲ್ಲಿ ಆರು ಲಕ್ಷಕ್ಕೂ ಹೆಚ್ಚಿನ ಮೂಲಗಳ ಪಟ್ಟಿಯನ್ನು ಹೊರಡಿಸಿದರು. ೨೦೨೨ರಲ್ಲಿ ಯುರೋಪಿನ ಲೋಫಾರ್ ದೂರದರ್ಶಕದ ಪಟ್ಟಿಯು ಸುಮಾರು ೪೪ ಲಕ್ಷವನ್ನು ಮುಟ್ಟಿತು. ಅದೂ ಉತ್ತರಾಕಾಶದ ಕಾಲುಭಾಗಕ್ಕಿಂತ ಸ್ವಲ್ಪವೇ ಹೆಚ್ಚಿನ ಪ್ರದೇಶದಿಂದ.

ಇಲ್ಲಿ ಒಂದು ಮಾತನ್ನು ವಿನಯದಿಂದ ಅರಿಕೆಮಾಡಿಕೊಳ್ಳಬೇಕಾಗಿದೆ. ಆಕಾಶದಿಂದ ಬರುವ ಈ ಅಲೆಗಳೇ ಪ್ರಣವನಾದವೆಂದೂ, ವಿಜ್ಞಾನವು ಈಗ ಕಂಡುದನ್ನು ನಮ್ಮವರು ಹಿಂದೆಯೇ ಕಂಡಿದ್ದರೆಂದೂ ಹೇಳುವ ಆಸೆ ಭಕ್ತಿಯುಳ್ಳವರಿಗೆ ಸಹಜ. ಆದರೆ ಅದು ಯುಕ್ತವಲ್ಲ. ಆ ಅಲೆಗಳು ಶಬ್ದವೇ ಅಲ್ಲ. ಶಬ್ದವಾಗಿ ಕೇಳಿಸುವುದು ಯಂತ್ರದ ಕೆಲಸ. ಅನುಭಾವಿಯ ನಾದವು ಅಂತರಂಗದ್ದು. ಅದಕ್ಕೆ ತಂತಿಯ ಸಾಕ್ಷಿ ಬೇಕಿಲ್ಲ. ಎರಡನ್ನೂ ಬೆರಸಿದರೆ ಎರಡಕ್ಕೂ ಅಪಚಾರವಾಗುತ್ತದೆ. ಎರಡು ಹಣತೆಗಳನ್ನು ಕೂಡಿಸಿ ಇಲ್ಲದ ಪಂಜನ್ನು ಬರೆದಂತಾಗುತ್ತದೆ.

ನಮ್ಮ ಪರಂಪರೆಯೊಡನೆ ಈ ಶಾಸ್ತ್ರಕ್ಕೆ ಸಂಬಂಧವನ್ನು ಹುಡುಕುವುದಾದರೆ ಅದನ್ನು ಕಾಯಕದಲ್ಲಿ ಹುಡುಕಬೇಕು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಕಿಗೆ ತಂದರು. ಓಲೆಗಳನ್ನು ಪರಿಷ್ಕರಿಸುವವರ ಧರ್ಮವೇನು? ಒಂದೇ ಪ್ರತಿಯನ್ನು ನಂಬಿ ಕುಳಿತುಕೊಳ್ಳದಿರುವುದು. ಪ್ರತಿಗೆ ಪ್ರತಿಯನ್ನು ತಾಳೆನೋಡುವುದು. ಪ್ರಕ್ಷಿಪ್ತವೆಂದು ಕಂಡುದನ್ನು, ಅದು ಎಷ್ಟೇ ಪ್ರಿಯವಾಗಿದ್ದರೂ, ತೆಗೆದಿಡುವುದು. ಕೇಂಬ್ರಿಜ್ ಪಟ್ಟಿಗೆ ಸಿಡ್ನಿಯ ಪಟ್ಟಿಯು ಎರಡನೆಯ ಓಲೆಪ್ರತಿಯಾಯಿತು. ಅದು ಇಲ್ಲದಿದ್ದರೆ ಹುಸಿಯು ಇನ್ನೆಷ್ಟು ಕಾಲ ಸತ್ಯದ ಆಸನದಲ್ಲಿ ಕುಳಿತಿರುತ್ತಿತ್ತೋ!

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಎಲ್ಲರೂ ಖಗೋಳಜ್ಞರಾಗಲಾರಿರಿ. ಆದರೆ ಒಬ್ಬೊಬ್ಬರ ಕೈಗೂ ಯಾವುದಾದರೊಂದು ಪಟ್ಟಿ ಬಂದೇ ಬರುತ್ತದೆ. ಊರಿನ ಲೆಕ್ಕವಿರಬಹುದು, ಶಾಲೆಯ ಹಾಜರಿಯಿರಬಹುದು, ದಾಸೋಹದ ಉಗ್ರಾಣದ ವಹಿಯಿರಬಹುದು. ಅದರಲ್ಲಿ ಕಂಡುದನ್ನು ಮಾತ್ರ ಬರೆಯಿರಿ. ಬರೆದುದನ್ನು ಇನ್ನೊಬ್ಬರ ಪರೀಕ್ಷೆಗೆ ಒಡ್ಡಿರಿ. ತಪ್ಪು ತೋರಿದಲ್ಲಿ ಸಂಖ್ಯೆ ಕುಗ್ಗುವುದೆಂದು ಅಂಜದೆ ತಿದ್ದಿರಿ. ಈ ಶೀಲವು ನೆಲೆಗೊಂಡಲ್ಲಿ ಶ್ರೀಮಠದ ಅನ್ನದಾನವೂ ವಿದ್ಯಾದಾನವೂ ಸಾರ್ಥಕವಾಗುವುವು.