ಕೋಳಿ ಸತ್ತಾಗ ಮೊದಲು ಕೇಳಬೇಕಾದ್ದು

ಕಂಪ್ಯೂಟರ್ ಮುಂದೆ ಕೂರುವವಳಿಗೆ ಕೋಳಿಯ ಉಸಾಬರಿ ಏಕೆ ಅಂತ ನಗಬೇಡಿ. ಊರಲ್ಲಿ ಅಮ್ಮನೋ ಅತ್ತೆಯೋ ಕೋಳಿ ಸಾಕುತ್ತಾರೆ, ಫೋನಿನಲ್ಲಿ ಸಲಹೆ ಕೊಡುವವರು ನಾವು. ನನ್ನ ಮಾತು ಅಂಥ ಒಂದು ಸಲಹೆಯ ಬಗ್ಗೆಯೇ.

ಕಳೆದ ಮಳೆಗಾಲ ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಅಮ್ಮ ಸ್ವಸಹಾಯ ಸಂಘದಲ್ಲಿ ಸಾಲ ಮಾಡಿ 60 ಗಿರಿರಾಜ ಮರಿ ತಂದಿದ್ದರು. ಮಾಂಸಕ್ಕೆ ಮಾರಿ ಸಾಲ ತೀರಿಸುವ ಲೆಕ್ಕ. ನಾಲ್ಕನೇ ವಾರ ಒಂದು ಬೆಳಿಗ್ಗೆ ಎರಡು ಸತ್ತಿದ್ದವು, ಮರುದಿನ ಐದು. "ನಿನ್ನೆವರೆಗೂ ಚೆನ್ನಾಗಿದ್ದವು ಕಣೇ, ಯಾರದೋ ದೃಷ್ಟಿ" ಎಂದರು ಅಮ್ಮ. ನಾನು ಪುಣೆಯ ಆಫೀಸಿನ ಕಾರಿಡಾರಿನಲ್ಲಿ ನಿಂತೇ, "ಚಳಿಗಿರಬೇಕು, ಗೂಡಿನ ಸುತ್ತ ಪ್ಲಾಸ್ಟಿಕ್ ಶೀಟು ಬಿಗಿಯಾಗಿ ಕಟ್ಟು, ಯಾವುದಾದರೂ ಆಂಟಿಬಯಾಟಿಕ್ ಹಾಕು" ಎಂದೆ. ಮೂರನೇ ದಿನ ಒಂಬತ್ತು ಹೋದವು.

ಆಫೀಸಿನಲ್ಲಿ ಸರ್ವರ್ ಕೆಟ್ಟಾಗ ಲಾಗ್ ನೋಡದೆ ಕೈ ಹಾಕಿದವರನ್ನು ಗದರುವವಳು ನಾನೇ! ಮತ್ತೆ ಫೋನ್ ಮಾಡಿ ಕೇಳುತ್ತಾ ಹೋದೆ: ಮೇವು ಬದಲಾಯಿಸಿದ್ದೀಯಾ, ನೀರು ಎಲ್ಲಿಟ್ಟಿದ್ದೀಯ, ಹಿಕ್ಕೆ ಯಾವ ಬಣ್ಣ?

"ಕೆಂಪಗಿದೆ" ಎಂದರು.

ಆಗಷ್ಟೇ ಸತ್ತ ಮರಿಯನ್ನು ತಮ್ಮ ಚೀಲದಲ್ಲಿ ಸುತ್ತಿ, ಐಸ್ ಇಟ್ಟು ಪಶು ಆಸ್ಪತ್ರೆಗೆ ಒಯ್ದ. (ಫ್ರೀಜರಿನಲ್ಲಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದರೆ ಪರೀಕ್ಷೆ ಕೆಡುತ್ತದೆ.) ಡಾಕ್ಟರು ಕೊಯ್ದು ನೋಡಿದರೆ ಕರುಳಿನ ತುದಿಯ ಎರಡು ಚೀಲಗಳು ರಕ್ತ ತುಂಬಿ ಉಬ್ಬಿದ್ದವು. ಕಾಕ್ಸಿಡಿಯೋಸಿಸ್ ಅಂದರೆ ರಕ್ತಭೇದಿ. ಬ್ಯಾಕ್ಟೀರಿಯಾ ಅಲ್ಲ, ಐಮೀರಿಯ ಎಂಬ ಏಕಕೋಶ ಜೀವಿ. ಹಿಕ್ಕೆಯಲ್ಲಿ ಹೊರಬಿದ್ದ ಅದರ ಕಣಗಳು ತೇವವಿರುವ ಬೆಚ್ಚನೆಯ ಹಾಸಿನಲ್ಲಿ ಒಂದೆರಡು ದಿನದಲ್ಲೇ ಸೋಂಕು ಹರಡಲು ಸಿದ್ಧ. ಸಾವು ಆಗಲೇ ಶುರುವಾಗಿತ್ತು, ನಿಜ. ಆದರೆ ಗಾಳಿ ತಡೆದ ನನ್ನ ಶೀಟು ಹೊಟ್ಟನ್ನು ಒಣಗಲು ಬಿಡಲಿಲ್ಲ. ಡಾಕ್ಟರು ಕುಡಿಯುವ ನೀರಿಗೆ ಆಂಪ್ರೋಲಿಯಂ ಬರೆದರು, ಶೀಟು ಬಿಚ್ಚಿಸಿದರು. 41 ಉಳಿದವು. ಸಂಘದ ಕಂತು ಎರಡು ತಿಂಗಳು ತಡವಾಯಿತು.

ಎಲ್ಲ ಸಾವೂ ಇದೇ ಅಲ್ಲ. ಹಸಿರು ಹಿಕ್ಕೆ, ಏದುಸಿರು, ತಿರುಚಿದ ಕತ್ತು ಕಂಡರೆ ರಾಣಿಖೇತ್ ಅನುಮಾನ. ಅದಕ್ಕೆ ಔಷಧಿಯಿಲ್ಲ, ಮೊದಲ ವಾರದಲ್ಲೇ ಲಸಿಕೆ, ಆಮೇಲೆ ಬೂಸ್ಟರ್. ಬಿಳಿ ನೀರಿನಂಥ ಭೇದಿಯಾದರೆ ಗುಂಬೊರೊ ಇರಬಹುದು, ಅದಕ್ಕೂ ಲಸಿಕೆ ಉಂಟು. ಬೇಗ ದಪ್ಪವಾಗುವ ಬ್ರಾಯ್ಲರ್ ಒಂದೇ ರಾತ್ರಿಯಲ್ಲಿ ಅಂಗಾತ ಬಿದ್ದು ಸತ್ತಿದ್ದರೆ ಸೋಂಕೇ ಇರಬೇಕೆಂದಿಲ್ಲ, ಹೃದಯ ನಿಂತಿರಬಹುದು. ಬೂಷ್ಟು ಹಿಡಿದ ಜೋಳದ ವಿಷವೂ ಇದೆ. ಮೊದಲ ವಾರದ ಮರಿಗಾದರೆ ಸುಮಾರು 35 ಡಿಗ್ರಿ ಬಿಸಿ ಬೇಕು; ದೀಪದ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಇದ್ದಕ್ಕಿದ್ದಂತೆ ಗುಂಪುಗುಂಪಾಗಿ ಸತ್ತರೆ ಮಾತ್ರ ಮುಟ್ಟಲೂ ಬೇಡಿ, ಸಾಗಿಸಲೂ ಬೇಡಿ. ಹಕ್ಕಿಜ್ವರವಿರಬಹುದು, ಪಶು ಇಲಾಖೆಗೆ ತಿಳಿಸಿ. ಕಾಯಿಲೆಯ ಕೋಳಿಯನ್ನು "ಹಾಳಾಗುತ್ತಲ್ಲ" ಅಂತ ಅಡುಗೆ ಮಾಡುವ ಅಭ್ಯಾಸವಂತೂ ಬಿಡಿಸಲೇಬೇಕು. ನಮ್ಮನೆಯಲ್ಲೂ ಇತ್ತು.

ಅಮ್ಮ ಈಗ ನೀರಿನ ಪಾತ್ರೆಯನ್ನು ಮರಿಯ ಬೆನ್ನಿನ ಮಟ್ಟಕ್ಕೆ ಎತ್ತರಿಸಿದ್ದಾರೆ. ದಿನಾ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತಾರೆ. ಉಂಡೆ ಕಟ್ಟಿದರೆ ತೆಗೆದು ಹೊಸದು ಹಾಕುತ್ತಾರೆ. ಹಾಲಿನ ಲೆಕ್ಕದ ಹಳೇ ಪುಸ್ತಕದಲ್ಲಿ ತಾರೀಖು, ಮೇವು, ಹಿಕ್ಕೆ, ಸತ್ತದ್ದೆಷ್ಟು ಎಂದು ಬರೆಯುತ್ತಾರೆ. ಮೊನ್ನೆ ಅವರೇ ಫೋನ್ ಮಾಡಿದ್ದರು: "ಮೂಲೆಯಲ್ಲಿ ಹೊಟ್ಟು ಸ್ವಲ್ಪ ಹಸಿಯಾಗಿತ್ತು, ತೆಗೆದಿದ್ದೀನಿ. ನೀನು ಏನೂ ಹೇಳೋಕೆ ಹೋಗಬೇಡ."