ಟಿಕೆಟು ಕೊಂಡವನ ಬಹುಮಾನಗಳು

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನಗೆ ಕೊಟ್ಟಿದ್ದ ವಿಷಯ ಗ್ರಾಚ್ಯುಯಿಟಿ. ಅದನ್ನು ಮುಂದಿನ ಕೂಟಕ್ಕೆ ಇಟ್ಟುಕೊಂಡು ಇವತ್ತು ಸಿನೆಮಾದ ಬಗ್ಗೆ ನಾಲ್ಕು ಮಾತಾಡಲು ಅವರ ಅಪ್ಪಣೆ ಪಡೆದಿದ್ದೇನೆ. ನಗಬೇಡಿ. ಈ ಸಭೆಯಲ್ಲಿರುವವರು ಗ್ರಾಚ್ಯುಯಿಟಿಯ ಮಾತನ್ನು ವರುಷಕ್ಕೊಮ್ಮೆ ಎತ್ತುತ್ತಾರೆ, ಸಿನೆಮಾದ ಮಾತನ್ನು ದಿನಾ ರಾತ್ರಿ ಎತ್ತುತ್ತಾರೆ. ಖೋಲಿಯಲ್ಲಿ ದೀಪ ಆರಿಸಿದ ಮೇಲೂ ಆ ಜಗಳ ಮುಗಿಯುವುದಿಲ್ಲ. ಅದನ್ನೇ ಸ್ವಲ್ಪ ಕ್ರಮವಾಗಿ ಇಲ್ಲಿ ಮುಂದುವರಿಸಿ, 2023ರಲ್ಲಿ ಬಂದ ಕನ್ನಡ ಚಿತ್ರಗಳಿಗೆ ನನ್ನ ಸ್ವಂತ ಬಹುಮಾನಗಳನ್ನು ಸಾರುತ್ತೇನೆ.

ಬಹುಮಾನ ಕೊಡಲು ಇವನು ಯಾರೆಂದು ಕೇಳಬಹುದು. ನಾನು ಓದಿದ್ದು ಏಳನೆಯ ತರಗತಿಯವರೆಗೆ. ಮೇಜು ಒರೆಸಿ, ಕಪ್ಪು ಬಶಿ ತೊಳೆದು, ಸಪ್ಲಾಯರನಾಗಿ ದುಡಿದು ಈಗ ಸಂಘದ ಕೆಲಸಕ್ಕೆ ನಿಂತವನು. ಆದರೆ ಪುಕ್ಕಟೆ ನೋಡುವ ಪರೀಕ್ಷಕರಿಗೆ ಇಲ್ಲದ ಒಂದು ಹಕ್ಕು ನನಗಿದೆ. ನಾನು ಪಗಾರದಿಂದ ಟಿಕೆಟು ಕೊಂಡವನು. ಸಾಂಬಾರು ಸಪ್ಪೆಯಾಗಿದೆ ಎನ್ನುವ ಗಿರಾಕಿಗೆ ನಿನಗೆ ಅಡುಗೆ ಬರುತ್ತದೆಯೇ ಎಂದು ನಮ್ಮ ಭಟ್ಟರು ಎಂದಾದರೂ ಕೇಳಿದ್ದಾರೆಯೇ?

2023ರ ಚಿತ್ರಕ್ಕೆ ಈಗ ಬಹುಮಾನವೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗುವುದು ಕೇಳಿಸಿತು. ಮುಂಬಯಿಗೆ ಕನ್ನಡ ಚಿತ್ರ ಬರುವುದು ಬೆರಳೆಣಿಕೆಯ ಟಾಕೀಸುಗಳಿಗೆ. ಆಟ ಇಡುವುದೂ ನಮ್ಮ ಊಟದ ರಶ್ಶಿನ ಹೊತ್ತಿಗೆ. ಮೊದಲನೆಯ ವಾರ ಕುರ್ಚಿ ತುಂಬದಿದ್ದರೆ ಎರಡನೆಯ ವಾರ ಚಿತ್ರ ಇರುವುದಿಲ್ಲ. ರಜೆ ಸಿಕ್ಕಿದಾಗ ಚಿತ್ರವಿಲ್ಲ, ಚಿತ್ರ ಬಂದಾಗ ರಜೆಯಿಲ್ಲ. ಆದಕಾರಣ ಕೆಲವನ್ನು ಟಾಕೀಸಿನಲ್ಲಿ, ಹೆಚ್ಚಿನವನ್ನು ಖೋಲಿಯಲ್ಲಿ ಮೊಬೈಲು ಗೋಡೆಗೆ ಆನಿಸಿಟ್ಟು ನಾಲ್ಕು ಜನ ತಲೆ ಸೇರಿಸಿ ನೋಡಿದ್ದು. ತಡವೇನೋ ನಿಜ. ಆದರೆ ಕರ್ನಾಟಕ ಸರಕಾರದವರು 2019ರ ಚಿತ್ರಗಳ ಪ್ರಶಸ್ತಿಗಳನ್ನು ಸಾರಿದ್ದು 2025ರ ಜನವರಿಯಲ್ಲಿ. ಆ ಸಲದ ಶ್ರೇಷ್ಠ ನಟರೆಂದು ಹೆಸರಾದ ಸುದೀಪ್ ಅವರು, ತಾವು ಪ್ರಶಸ್ತಿ ಸ್ವೀಕರಿಸುವುದನ್ನು ಬಿಟ್ಟು ವರುಷಗಳಾದವು, ಅರ್ಹರಾದ ಬೇರೊಬ್ಬರಿಗೆ ಕೊಡಿ ಎಂದು ಹೇಳಿಬಿಟ್ಟರು. ಅದರ ಮುಂದೆ ನನ್ನದು ಬಿಸಿ ಬಿಸಿ ಎಂದೇ ಹೇಳಬೇಕು.

ಇನ್ನು ತಕ್ಕಡಿಯ ಮಾತು. ಭಾರತ ಸರಕಾರ ಚಿತ್ರಗಳಿಗೆ ಬಹುಮಾನ ಕೊಡತೊಡಗಿದ್ದು 1954ರಲ್ಲಿ. ಹಿಂದಿನ ವರುಷದ ಚಿತ್ರಗಳಲ್ಲಿ ರಾಷ್ಟ್ರಪತಿಗಳ ಮೊದಲ ಬಂಗಾರದ ಪದಕ ದೊರೆತದ್ದು ಆಚಾರ್ಯ ಅತ್ರೆಯವರ ಮರಾಠಿ ಚಿತ್ರ ‘ಶ್ಯಾಮಚೀ ಆಯಿ’ಗೆ. ಬಡತನದಲ್ಲಿ ಮಗನನ್ನು ತಿದ್ದಿದ ಒಬ್ಬ ತಾಯಿಯ ಕಥೆ. ನಮ್ಮ ‘ಚೋಮನ ದುಡಿ’ಗೆ 1975ರ ಸಾಲಿನ ಸ್ವರ್ಣಕಮಲ ಬಂತು. ಕಾರಂತಜ್ಜರ ಕಾದಂಬರಿ, ಬಿ. ವಿ. ಕಾರಂತರ ನಿರ್ದೇಶನ, ಚೋಮನಾಗಿ ನಟಿಸಿದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ. ಒಂದು ತುಂಡು ಭೂಮಿಯನ್ನು ತಾನೇ ಉಳಬೇಕೆಂಬುದು ಚೋಮನ ಆಸೆ. ಅವನ ಮಕ್ಕಳು ಧನಿಗಳ ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಇಲ್ಲಿ ಕುಳಿತಿರುವ ಕುಂದಾಪುರ, ಕಾರ್ಕಳ ಕಡೆಯವರಲ್ಲಿ ಎಷ್ಟು ಜನ ಮನೆಯ ಸಾಲ ತೀರಿಸಲೆಂದು ಮುಂಬಯಿ ಬಸ್ಸು ಹತ್ತಿದವರು, ಕೈ ಎತ್ತಿ ನೋಡೋಣ. (ಅನೇಕರು ಕೈ ಎತ್ತಿದರು.) ನನ್ನ ತಕ್ಕಡಿ ಇದೇ. ಚಿತ್ರದೊಳಗಿನ ಮನುಷ್ಯ ಏನು ಕೆಲಸ ಮಾಡುತ್ತಾನೆ, ಅವನಿಗೆ ಸಲ್ಲಬೇಕಾದದ್ದು ಸಲ್ಲಿತೇ ಎಂಬುದನ್ನು ಮೊದಲು ನೋಡುತ್ತೇನೆ. ಹಾಡು, ಕುಣಿತ, ಹೊಡೆದಾಟ ಆಮೇಲೆ.

ವರುಷದ ಅತ್ಯುತ್ತಮ ಚಿತ್ರ ‘ಸಪ್ತ ಸಾಗರದಾಚೆ ಎಲ್ಲೋ’, ಅದರ ಮೊದಲನೆಯ ಭಾಗ. ಹೇಮಂತ್ ರಾವ್ ನಿರ್ದೇಶಿಸಿದ್ದು, 2023ರ ಸೆಪ್ಟೆಂಬರ್ 1ರಂದು ತೆರೆಗೆ ಬಂದದ್ದು. ನೋಡದವರಿಗಾಗಿ ಕಥೆ ಹೇಳುತ್ತೇನೆ. ಮನು ಒಬ್ಬ ದೊಡ್ಡ ಶ್ರೀಮಂತರ ಕಾರಿನ ಡ್ರೈವರು. ಪ್ರಿಯಾ ಹಾಡುವ ಹುಡುಗಿ. ಇಬ್ಬರಿಗೂ ಮದುವೆಯಾಗಬೇಕು, ಒಂದು ಮನೆ ಮಾಡಬೇಕು. ಆಗ ಧನಿಯ ಮಗ ಕಾರು ಹಾಯಿಸಿ ಒಬ್ಬರ ಪ್ರಾಣ ತೆಗೆಯುತ್ತಾನೆ. ನೀನು ಓಡಿಸಿದ್ದೆಂದು ಒಪ್ಪಿಕೋ, ಬೇಗ ಬಿಡಿಸುತ್ತೇವೆ, ಹಣ ಕೊಡುತ್ತೇವೆ ಎಂಬ ಮಾತಾಗುತ್ತದೆ. ಮನೆಯ ಆಸೆಗೆ ಮನು ಒಪ್ಪುತ್ತಾನೆ. ಮಾತು ಕೊಟ್ಟ ಧನಿ ಅಷ್ಟರಲ್ಲಿ ಸತ್ತೇ ಹೋಗುತ್ತಾನೆ. ಉಳಿದವರಿಗೆ ಆ ಮಾತಿನ ನೆನಪಿಲ್ಲ. ಮನು ಜೈಲಿನಲ್ಲೇ ಉಳಿಯುತ್ತಾನೆ.

ಎಲ್ಲರೂ ಇದನ್ನು ಪ್ರೇಮಕಥೆ ಎನ್ನುತ್ತಾರೆ. ನಮ್ಮ ಖೋಲಿಯ ಕಿರಿಯವನೊಬ್ಬ, “ಅಣ್ಣಾ, ಜನ ಅಳುವುದು ಪ್ರಿಯಾಳಿಗಾಗಿ. ನೀವು ಅದರಲ್ಲೂ ಯೂನಿಯನ್ ಹುಡುಕುತ್ತೀರಿ” ಎಂದ. ಹುಡುಕಿದ್ದಲ್ಲ ತಮ್ಮಾ, ಕಣ್ಣಿಗೆ ಹೊಡೆಯುವ ಹಾಗೆ ಅಲ್ಲೇ ಇದೆ. ಒಂದು ಕಾಗದವಿಲ್ಲ, ಒಬ್ಬ ಸಾಕ್ಷಿಯಿಲ್ಲ, ಬರಿಯ ಬಾಯಿಮಾತು. ಅದರ ಮೇಲೆ ಒಬ್ಬ ಸಂಬಳದವನು ತನ್ನ ಆಯುಸ್ಸನ್ನೇ ಅಡವಿಟ್ಟ.

ಈ ಕಥೆ ನಮ್ಮ ಸಂಘದ ಮೆಟ್ಟಲು ಹತ್ತಿ ಬಂದಿದೆ. ಬಾರಿನ ಮೇಲೆ ಪೋಲೀಸರ ಧಾಳಿಯಾದರೆ ಸಿಕ್ಕಿಬೀಳುವವರು ಯಾರು? ಗಲ್ಲೆಯಲ್ಲಿ ಕುಳಿತವನು, ಬಾಟ್ಲಿ ತಂದಿಟ್ಟವನು. ಒಂದು ಕಡೆ, ಹೆಸರು ಬೇಡ, ವೇಳೆ ಮೀರಿ ಬಾಗಿಲು ತೆರೆದಿಟ್ಟ ಕೇಸಿನಲ್ಲಿ ಇಪ್ಪತ್ತನಾಲ್ಕು ವರುಷದ ಒಬ್ಬ ಹುಡುಗ “ಎಲ್ಲ ನಾನೇ ನೋಡಿಕೊಳ್ಳುವುದು” ಎಂದು ಸಹಿ ಹಾಕಿದ. ನಾಳೆ ಬೆಳಿಗ್ಗೆ ಬಿಡಿಸುತ್ತೇನೆ, ತಂಗಿಯ ಮದುವೆಯ ಖರ್ಚು ನನ್ನದು ಎಂದು ಮಾಲಕರು ಹೇಳಿದ್ದರು. ಬಿಡಿಸಿದ್ದೇನೋ ನಿಜ. ಆದರೆ ಜಾಮೀನು ಸಿಕ್ಕಿದರೆ ಕೇಸು ಮುಗಿಯುವುದಿಲ್ಲವಲ್ಲ. ತಾರೀಕಿನ ಮೇಲೆ ತಾರೀಕು, ತಾರೀಕಿಗೊಂದು ದಿನದ ಪಗಾರ ಕಟ್. ಕುವೈತಿನಲ್ಲಿ ಕೆಲಸ ಕೂಡಿಬಂದಿತ್ತು, ಪೋಲೀಸರ ದಾಖಲೆ ಸಿಗದೆ ಅದೂ ತಪ್ಪಿತು. ಮಾಲಕರು ಅಷ್ಟರಲ್ಲಿ ಹೋಟೆಲು ಮಾರಿದ್ದರು. ಹೊಸಬರು “ನಮಗೆ ಗೊತ್ತಿಲ್ಲ” ಎಂದರು. ಆ ಹುಡುಗ ನಮ್ಮಲ್ಲಿಗೆ ಬಂದದ್ದು ಎಲ್ಲ ಆದ ಮೇಲೆ. ಸಹಿ ಹಾಕುವ ಮೊದಲು ಒಂದು ಫೋನು ಮಾಡಿದ್ದರೆ ನಡುರಾತ್ರಿಯಾದರೂ ನಮ್ಮವರು ವಕೀಲರನ್ನು ಕರೆದುಕೊಂಡು ಠಾಣೆಗೆ ಹೋಗುತ್ತಿದ್ದರು. ಸಂಘದ ನಂಬರು ಸದಸ್ಯತ್ವದ ಚೀಟಿಯ ಹಿಂದೆ ಅಚ್ಚಾಗಿದೆ. ನಾನು ಒಂದು ವರುಷ ಭಾಷಣ ಮಾಡಿ ಕಲಿಸಲಾರದ್ದನ್ನು ಈ ಚಿತ್ರ ಎರಡೂಕಾಲು ಗಂಟೆಯಲ್ಲಿ ಕಲಿಸುತ್ತದೆ. ಬಾರಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಸದಸ್ಯ ಇದನ್ನು ನೋಡತಕ್ಕದ್ದು.

ಅದೇ ವರುಷದ ನವೆಂಬರಿನಲ್ಲಿ ಎರಡನೆಯ ಭಾಗ ಬಂತು. ಅದಕ್ಕೆ ನನ್ನ ಬಹುಮಾನವಿಲ್ಲ. ಹೊರಗೆ ಬಂದ ಮನುವಿಗೆ ಪ್ರಿಯಾಳ ಸಂಸಾರ ನೆಟ್ಟಗೆ ಮಾಡುವ ಚಿಂತೆ. ಅವನ ಹೋದ ವರುಷಗಳ ಲೆಕ್ಕದ ಮೇಲೆ ಚಿತ್ರಕ್ಕೆ ಅಷ್ಟು ಮನಸ್ಸಿಲ್ಲ. ಇದರಲ್ಲಿ ಸುರಭಿಯಾಗಿ ನಟಿಸಿದ ಚೈತ್ರಾ ಆಚಾರ್ ಚೆನ್ನಾಗಿ ಮಾಡಿದ್ದಾರೆ, ಅದು ಬೇರೆ. ಶ್ರೇಷ್ಠ ನಟಿ ಮಾತ್ರ ಪ್ರಿಯಾಳ ಪಾತ್ರದ ರುಕ್ಮಿಣಿ ವಸಂತ್. ಜೈಲಿನ ಭೇಟಿಯಲ್ಲಿ ನಡುವೆ ಕಬ್ಬಿಣದ ಸರಳು, ಸುತ್ತ ಗದ್ದಲ, ಹೇಳಬೇಕಾದದ್ದು ನೂರು, ಹೇಳಲಾಗುವುದು ಎರಡು. ಹೆಂಡತಿಯನ್ನು ಊರಿನಲ್ಲಿ ಬಿಟ್ಟು, ರಾತ್ರಿ ಹನ್ನೆರಡಕ್ಕೆ ಹೋಟೆಲಿನ ಹಿಂದಿನ ಮೋರಿಯ ಹತ್ತಿರ ನಿಂತು ಫೋನಿನಲ್ಲಿ ಮಾತಾಡುವವರಿಗೆ ಆ ಮುಖ ಏನು ಹೇಳುತ್ತದೆಂದು ನಾನು ವಿವರಿಸಬೇಕಾಗಿಲ್ಲ.

ಶ್ರೇಷ್ಠ ನಿರ್ಮಾಪಕರ ಬಹುಮಾನ ಸುಮಾರು ನೂರು ಜನರಿಗೆ. ತೇಜಸ್ವಿಯವರ ಕಥೆಯನ್ನು ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ ಚಿತ್ರಕ್ಕೆ ದೊಡ್ಡ ಶೇಟಜಿಗಳ ದುಡ್ಡಿಲ್ಲ. ತೇಜಸ್ವಿಯವರನ್ನು ಓದಿ ಮೆಚ್ಚಿದ ಜನ ತಮ್ಮ ತಮ್ಮ ಪಾಲು ಹಾಕಿ ಶಶಾಂಕ್ ಸೋಗಾಲ್ ಎಂಬ ನಿರ್ದೇಶಕರ ಕೈಗೆ ಕೊಟ್ಟರು. ಹಿಂದೂ ಹುಡುಗರೇ ಇರುವ ಒಂದು ಕಾಲೇಜಿಗೆ ಮುಸಲ್ಮಾನ ಹುಡುಗನೊಬ್ಬ ಸೇರಿದರೆ ಏನಾಗುತ್ತದೆಂಬುದು ಕಥೆ. ಅನುಮಾನ, ತಮಾಷೆ, ಕ್ರಿಕೆಟ್ಟು, ಕೊನೆಗೆ ಸ್ನೇಹ. ನಮ್ಮ ಖೋಲಿಗಳಲ್ಲಿ ಒಂದೇ ನಲ್ಲಿಯ ನೀರಿಗೆ ಸಾಲು ನಿಲ್ಲುವ ಭಟ್ಟರಿಗೂ ತಂದೂರಿ ಉಸ್ತಾದರಿಗೂ ಇದು ಹೊಸ ಪಾಠವಲ್ಲ. ನನಗೆ ಹೊಸದೆನಿಸಿದ್ದು ಆ ವಂತಿಗೆ. ನಮ್ಮ ಸಂಘ ನಡೆಯುವುದೂ ಹಾಗೆಯೇ. ಈ ತಿಂಗಳು ಚಂದಾ ಬಾಕಿಯಿರುವವರು ಖಜಾಂಚಿಗಳನ್ನು ಸಭೆಯ ಬಳಿಕ ಕಾಣಬಹುದು.

‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ನಗಿಸಿತು. ಒಂದೇ ರಾತ್ರಿಯ ಕಥೆ, ಹೆಚ್ಚಿನವರು ಹೊಸಬರು. ಕ್ಯಾಮರಾ ನಿಂತಲ್ಲಿ ನಿಲ್ಲದೆ ನನಗೆ ತಲೆನೋವು ಬಂತು. ನಗೆಯ ಬಹುಮಾನ ಅದಕ್ಕೇ ಇರಲಿ.

‘ಪಿಂಕಿ ಎಲ್ಲಿ?’ ಎಂಬ ಪೃಥ್ವಿ ಕೋಣನೂರರ ಚಿತ್ರ ನಮ್ಮಲ್ಲಿ ಅನೇಕರಿಗೆ ಹೆಸರು ಕೇಳಿಯೂ ಗೊತ್ತಿರಲಿಕ್ಕಿಲ್ಲ. ತಾಯಿ ಕೆಲಸಕ್ಕೆ ಹೋದ ಮೇಲೆ ಮನೆಗೆಲಸದ ಹೆಂಗಸು ಎಂಟು ತಿಂಗಳ ಕೂಸನ್ನು ಭಿಕ್ಷೆ ಬೇಡುವವಳಿಗೆ ದಿನದ ಬಾಡಿಗೆಗೆ ಕೊಡುತ್ತಾಳೆ. ಒಂದು ದಿನ ಕೂಸು ಕಾಣೆಯಾಗುತ್ತದೆ. ಕೆಲಸದವಳನ್ನು ರಾಕ್ಷಸಿ ಮಾಡಿ ತೋರಿಸುವುದು ಸುಲಭವಿತ್ತು, ಇವರು ಹಾಗೆ ಮಾಡಲಿಲ್ಲ. ತಪ್ಪನ್ನು ತಪ್ಪೆಂದೇ ತೋರಿಸಿ, ಅವಳ ಹೊಟ್ಟೆಪಾಡನ್ನೂ ಪಕ್ಕದಲ್ಲಿಟ್ಟರು. ಧೈರ್ಯದ ಬಹುಮಾನ ಈ ಚಿತ್ರಕ್ಕೆ. ಮನೆಗೆಲಸಕ್ಕೆ ಹೋಗುವ ಸಹೋದರಿಯರು ಇಲ್ಲಿದ್ದೀರಿ, ನಿಮಗೆ ಕೋಪ ಬಂದರೂ ಬರಬಹುದು. ನೋಡಿ ಬಂದು ನನ್ನೊಡನೆ ಜಗಳವಾಡಿ.

ಡಿಸೆಂಬರ್ 29ಕ್ಕೆ ಬಂದ ‘ಕಾಟೇರ’ಕ್ಕೆ ಅರ್ಧ ಬಹುಮಾನ. ಎಪ್ಪತ್ತರ ದಶಕದ ಹಳ್ಳಿ, ಬೆಳೆದದ್ದೆಲ್ಲ ಗೇಣಿಗೆ ಅಳೆದುಕೊಡುವ ಒಕ್ಕಲು, ಉಳುವವನೇ ಹೊಲದೊಡೆಯ ಎಂಬ ಕಾನೂನು. ಇಂಥ ವಿಷಯವನ್ನು ಕೋಟಿಗಟ್ಟಲೆ ಸುರಿದು ದೊಡ್ಡ ಚಿತ್ರ ಮಾಡಿದರಲ್ಲ, ಅದಕ್ಕೆ ಅರ್ಧ. ಇನ್ನರ್ಧವನ್ನು ನಾನು ಹಿಡಿದಿಟ್ಟುಕೊಂಡದ್ದು ಹೊಡೆದಾಟಗಳಿಗಾಗಿ. ಅರಸರ ಸರಕಾರದ 1974ರ ಆ ಕಾನೂನಿನಿಂದ ನಮ್ಮ ಕರಾವಳಿಯಲ್ಲಿ ಭೂಮಿ ಒಕ್ಕಲಿನ ಹೆಸರಿಗೆ ಬಂದದ್ದು ಹೇಗೆ? ಅದನ್ನು ನಮ್ಮ ಅಜ್ಜಿ ಹೇಳುತ್ತಿದ್ದರು. ಡಿಕ್ಲರೇಶನ್ ಹಾಕಿದರು, ಭೂನ್ಯಾಯ ಮಂಡಳಿಗೆ ಅಲೆದರು, ನಾಲ್ಕು ಜನ ಒಟ್ಟಾಗಿ ಹೋಗಿ ಸಾಕ್ಷಿ ಹೇಳಿದರು. ಧನಿಗಳ ಮನೆಯ ಅನ್ನ ತಿಂದು ಅವರ ಎದುರೇ ಸಾಕ್ಷಿ ನುಡಿಯಲು ನಾಲಿಗೆ ಏಳುವುದು ನೂರು ಜನರನ್ನು ಗಾಳಿಯಲ್ಲಿ ಹಾರಿಸುವುದಕ್ಕಿಂತ ಕಷ್ಟ. ಅದನ್ನು ತೆರೆಯ ಮೇಲೆ ಯಾರಾದರೂ ಸರಿಯಾಗಿ ತೋರಿಸಿದ ದಿನ ಉಳಿದರ್ಧವನ್ನು ಬಡ್ಡಿ ಸಮೇತ ಕೊಡುತ್ತೇನೆ.

ಬಹುಮಾನವೆಂದರೆ ಏನು ಕೊಡುತ್ತೀರಿ ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಮುಂಬಯಿಗೆ ಬಂದರೆ ನನ್ನ ಲೆಕ್ಕದಲ್ಲಿ ಒಂದು ಮಸಾಲೆ ದೋಸೆ, ಒಂದು ಸ್ಪೆಶಲ್ ಚಾ. ‘ಕಾಟೇರ’ದವರಿಗೆ ಕಟಿಂಗ್.

ಇನ್ನೊಂದು ಉಳಿದಿದೆ. ಚಿತ್ರ ತೆಗೆಯುವ ಜಾಗದಲ್ಲಿ ಪ್ರೊಡಕ್ಷನ್ ಹುಡುಗರೆಂದು ಇರುತ್ತಾರೆ. ನಸುಕಿಗೆ ಎದ್ದು ಎಲ್ಲರಿಗೂ ಚಾ ತಿಂಡಿ ಕೊಟ್ಟು, ಮಧ್ಯಾಹ್ನ ಊಟ ಬಡಿಸಿ, ಲೋಟ ಎಣಿಸಿಕೊಂಡು ಎಲ್ಲರಿಗಿಂತ ಕೊನೆಗೆ ಮಲಗುವವರು. ನಮ್ಮ ಜಾತಿಯವರೇ. ಚಿತ್ರ ಮುಗಿದ ಮೇಲೆ ಇಂಥವರ ಹೆಸರುಗಳೂ ತೆರೆಯ ಮೇಲೆ ಓಡುತ್ತವೆ, ಅಷ್ಟರಲ್ಲಿ ನಾವು ಚಪ್ಪಲಿ ಹುಡುಕುತ್ತಿರುತ್ತೇವೆ. ಈ ಸಲ ಖೋಲಿಯಲ್ಲಿ ಮೊಬೈಲನ್ನು ನಿಲ್ಲಿಸಿ ನಿಲ್ಲಿಸಿ ಆ ಹೆಸರುಗಳನ್ನು ಓದಿದೆವು. ಅಕ್ಷರ ಬಹಳ ಸಣ್ಣ, ಹೆಚ್ಚಿನದು ಇಂಗ್ಲಿಷಿನಲ್ಲಿ, ನಮ್ಮ ಕಿರಿಯವನೇ ಕೂಡಿಸಿ ಓದಿ ಹೇಳಬೇಕಾಯಿತು. ಕೆಲವರ ಹೆಸರಿನ ಮುಂದೆ ಊರೂ ಇಲ್ಲ, ತಂದೆಯ ಹೆಸರೂ ಇಲ್ಲ, ಬರಿಯ ಕರೆಯುವ ಹೆಸರು. ಅವರಿಗೂ ದೋಸೆ ಮತ್ತು ಚಾ, ಬಂದಷ್ಟು ಜನಕ್ಕೆ.