ಸ್ಕೋರ್ ಬಂತು, ಕಾಗದ ಎಲ್ಲಿ?



ಕೆನಡಾದ ಪಿಆರ್, ಅಂದ್ರೆ ಅಲ್ಲಿ ಕಾಯಂ ಆಗಿ ನೆಲೆಸೋ ಅನುಮತಿ. ಅದರ ವಿಷಯ ಬಂದ ಕೂಡಲೇ ನಮ್ಮ ಹುಡುಗರು ಕೇಳೋದು ಒಂದೇ ಪ್ರಶ್ನೆ: ಸ್ಕೋರ್ ಎಷ್ಟು? ಕಟ್ ಆಫ್ ದಾಟಿ ಆಹ್ವಾನ ಬಂದ ದಿನ ಮನೆಯಲ್ಲಿ ಸಿಹಿ ಹಂಚ್ತಾರೆ. ನಿಜವಾದ ಪರೀಕ್ಷೆ ಶುರುವಾಗೋದೇ ಅವತ್ತು. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಆಹ್ವಾನ ಬಂದ ಮೇಲೆ ಕೈಯಲ್ಲಿರೋದು 60 ದಿನ. ಪ್ರೊಫೈಲ್‌ನಲ್ಲಿ ಏನೇನು ಬರೆದುಕೊಂಡಿದ್ದೀರೋ ಅದಕ್ಕೆಲ್ಲ ಅಷ್ಟರೊಳಗೆ ಕಾಗದ ತೋರಿಸಬೇಕು.

ಮೊದಲ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಂಜುನಾಥ ಕೆ.ಎಸ್. ಡಿಗ್ರಿ ಸರ್ಟಿಫಿಕೇಟಿನಲ್ಲಿ ಕೆ.ಎಸ್. ಮಂಜುನಾಥ್. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಂದಿರುತ್ತೆ. ಊರು, ಅಪ್ಪ, ಆಮೇಲೆ ನಾನು ಅನ್ನೋದು ನಮ್ಮ ಕ್ರಮ. ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಆದರೆ ಕೆನಡಾದಲ್ಲಿ ಕೂತು ಫೈಲ್ ನೋಡೋ ಅಧಿಕಾರಿಗೆ ಅವರು ಮೂರು ಜನ. ಮೂವರೂ ಒಬ್ಬನೇ ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಸೀಲ್ ಹಾಕಿಸಿ, ಜೊತೆಗೊಂದು ವಿವರಣೆ ಪತ್ರ ಇಡಬೇಕಾಗುತ್ತೆ. ಒಂದು ದಿನದ ಕೆಲಸ. ಆದರೆ ಅದು ಬೇಕು ಅಂತ ಗೊತ್ತಾಗೋದು ಐವತ್ತನೇ ದಿನ!

ಇನ್ನು ಅನುಭವ ಪತ್ರ. ಹೆಚ್ಚು ಜನ ಎಡವೋದು ಇಲ್ಲೇ. ನಮ್ಮ ಕಂಪನಿಗಳು ಕೊಡೋ ರಿಲೀವಿಂಗ್ ಲೆಟರ್‌ನಲ್ಲಿ ಇರೋದು ಎರಡೇ ಸಾಲು: ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು, ಒಳ್ಳೆಯದಾಗಲಿ. ಕೆನಡಾ ಕೇಳೋದು ಅದನ್ನಲ್ಲ. ಹುದ್ದೆ ಯಾವುದು, ದಿನನಿತ್ಯ ಏನು ಕೆಲಸ ಮಾಡ್ತಿದ್ರಿ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಇದೆಲ್ಲ ಕಂಪನಿಯ ಲೆಟರ್‌ಹೆಡ್ ಮೇಲೆ, ಸಹಿ ಸಮೇತ. ಎಚ್ಆರ್ ಹತ್ರ ಹೋದ್ರೆ "ನಮ್ಮ ಪಾಲಿಸಿಯಲ್ಲಿ ಇಲ್ಲ" ಅಂತಾರೆ. ಆರು ವರ್ಷ ದುಡಿಸಿಕೊಂಡವರಿಗೆ ಆತ ಏನು ಕೆಲಸ ಮಾಡ್ತಿದ್ದ ಅಂತ ಬರೆದುಕೊಡೋಕೆ ಯಾವ ಪಾಲಿಸಿ ಅಡ್ಡ ಬರುತ್ತೆ ಸ್ವಾಮಿ? ಆಗ ಹಳೇ ಮ್ಯಾನೇಜರ್ ಕೈಯಿಂದ ಒಂದು ಪ್ರಮಾಣ ಪತ್ರ ಬರೆಸಿ, ಆಫರ್ ಲೆಟರ್, ಸಂಬಳದ ಚೀಟಿ, ಫಾರಂ 16 ಎಲ್ಲ ಜೋಡಿಸಿ, ಪತ್ರ ಯಾಕೆ ಸಿಗಲಿಲ್ಲ ಅಂತ ನೇರವಾಗಿ ತಿಳಿಸೋದೇ ದಾರಿ.

ಇದೇ ಹೊತ್ತಿಗೆ ಇನ್ನೊಂದು ದಾರಿ ತೋರಿಸೋರು ಬರ್ತಾರೆ. "ಲೆಟರ್ ತಾನೆ? ನಾವೇ ಮಾಡಿಕೊಡ್ತೀವಿ, ಇಷ್ಟಾಗುತ್ತೆ." ದಯವಿಟ್ಟು ಕೇಳಿ. ಸುಳ್ಳು ದಾಖಲೆ ಅಂತ ಸಾಬೀತಾದ್ರೆ ಕೆನಡಾ ಕಾನೂನಿನಲ್ಲಿ ಐದು ವರ್ಷ ಬಾಗಿಲು ಬಂದ್. ಅರ್ಜಿಯಲ್ಲಿ ಸಹಿ ನಿಮ್ಮದು, ಆ ಏಜೆಂಟಿನದಲ್ಲ. ದುಡ್ಡು ತಗೊಂಡು ಸಲಹೆ ಕೊಡೋರಿಗೆ ಅಲ್ಲಿನ ಲೈಸೆನ್ಸ್ ಇರಬೇಕು. ಇದೆಯಾ ಅಂತ ಕೇಳೋಕೆ ಸಂಕೋಚ ಬೇಡ.

ಹಣದ ಕತೆಯೂ ಹೀಗೇ. ಅಲ್ಲಿ ಕೆಲಸದ ಆಫರ್ ಇಲ್ಲದೆ ಹೋಗೋ ಬಹುತೇಕರು ಕೈಯಲ್ಲಿ ಹಣ ಇದೆ ಅಂತ ತೋರಿಸಬೇಕು. ಅದಕ್ಕೆ ಬ್ಯಾಂಕ್ ಪತ್ರದಲ್ಲಿ ಆರು ತಿಂಗಳ ಸರಾಸರಿ ಬ್ಯಾಲೆನ್ಸ್, ಇರೋ ಸಾಲ ಎರಡೂ ಬರಬೇಕು. ಬೇರೆಯವರಿಂದ ಸಾಲ ತಂದ ದುಡ್ಡು ಲೆಕ್ಕಕ್ಕಿಲ್ಲ. ಅಪ್ಪ ಸೈಟು ಮಾರಿ ಕೊಟ್ಟಿದ್ದಾರೆ ಅಂದ್ರೆ ಕ್ರಯಪತ್ರವೂ, ಅದು ಉಡುಗೊರೆ, ವಾಪಸ್ ಕೇಳಲ್ಲ ಅನ್ನೋ ಅಪ್ಪನ ಪತ್ರವೂ ಫೈಲ್‌ನಲ್ಲಿರಲಿ. ಮಗನಿಗೆ ಕೊಟ್ಟ ದುಡ್ಡಿಗೂ ಪತ್ರವೇ ಅಂತ ಅವರು ಬೇಜಾರು ಮಾಡ್ಕೋಬಹುದು. ಸಮಾಧಾನವಾಗಿ ಹೇಳಿ.

ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅರ್ಜಿ ಹಾಕಿ. ಹತ್ತು ವರ್ಷದೊಳಗೆ ದುಬೈನಲ್ಲೋ ಸಿಂಗಪುರದಲ್ಲೋ ಒಟ್ಟಿಗೆ ಆರು ತಿಂಗಳು ಇದ್ದವರು ಆ ದೇಶದ್ದನ್ನೂ ತರಿಸಬೇಕು. ಅಲ್ಲಿಂದ ಬರೋದು ತಡ. ಒಂದು ಮುಖ್ಯ ಕಾಗದ ಕಮ್ಮಿಯಾದ್ರೂ ಅರ್ಜಿ ಅಪೂರ್ಣ ಅಂತ ವಾಪಸ್ ಬರಬಹುದು, ಆ ಆಹ್ವಾನ ಕೈತಪ್ಪಿ ಹೋಗುತ್ತೆ.

ಅಂದಹಾಗೆ, ಮಗುವಿನ ಜನನ ಪ್ರಮಾಣಪತ್ರವೋ ಇನ್ನೊಂದೋ ಕನ್ನಡದಲ್ಲಷ್ಟೇ ಇದ್ದರೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಬೇಕು. ಅಕ್ಕ ಇಂಗ್ಲಿಷ್ ಮೇಷ್ಟ್ರು, ಅವಳೇ ಮಾಡ್ತಾಳೆ ಅನ್ನಬೇಡಿ. ಮನೆಯವರು ಮಾಡಿದ ಅನುವಾದ ನಡೆಯಲ್ಲ.